ಮಗು ಯಾರ ಮನೆಯಲ್ಲಿ ಉಣ್ಣುತ್ತದೆ?

ನನ್ನ ತಂಗಿಯ ಮೊಮ್ಮಗಳು ರಿಯಾ ಮೊನ್ನೆ ಒಂದು ಕಂಪೆನಿಯ ಎಚ್.ಆರ್. ವಿಭಾಗಕ್ಕೆ ಸೇರಿದಳು. ಸೇರಿದ ವಾರವೇ ಫೋನ್ ಮಾಡಿ, "ಗ್ರ್ಯಾನಿ, ನೀವು ಬಹ್ರೇನ್‌ನಲ್ಲಿ ಇದೇ ಕೆಲಸ ಅಲ್ವಾ ಮಾಡ್ತಿದ್ದದ್ದು? ಇದ್ರಲ್ಲಿ ಮುಖ್ಯವಾಗಿ ಎಂತ ನೋಡ್ಬೇಕು?" ಎಂದು ಕೇಳಿದಳು. ಎರಡು ಮಾತಿನಲ್ಲಿ ಹೇಳಿಬಿಡುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ನಾನೇ ಮಾಡಿದ ಒಂದು ತಪ್ಪಿನ ಕಥೆ. "ಬರೆದು ಕಳಿಸ್ತೇನೆ ಬಾಯ್, ಪೇಷನ್ಸ್ ಇಟ್ಟು ಓದು" ಎಂದೆ. ಬಾಯ್ ಎಂದರೆ ನಮ್ಮ ಕೊಂಕಣಿಯಲ್ಲಿ ಮಗಳೇ ಎಂದ ಹಾಗೆ.

ನಮ್ಮ ಕಾಲದಲ್ಲಿ ಎಚ್.ಆರ್. ಎಂಬ ಹೆಸರಿರಲಿಲ್ಲ, ಪರ್ಸೊನೆಲ್ ಎನ್ನುತ್ತಿದ್ದರು. ಮದುವೆಯಾಗಿ ಬಹ್ರೇನಿಗೆ ಹೋದವಳು ನಾನು. ನನ್ನ ಗಂಡ ವಿಲ್ಫಿ ಅಲ್ಲಿ ಬ್ಯಾಂಕಿನಲ್ಲಿದ್ದರು. ಹೂರಾ ಎಂಬ ಕೇರಿಯಲ್ಲಿ ಒಂದು ಕೋಲ್ಡ್ ಸ್ಟೋರಿನ, ಅಂದರೆ ದಿನಸಿ ಅಂಗಡಿಯ, ಮೇಲಿನ ಮಾಳಿಗೆಯಲ್ಲಿ ನಮ್ಮ ಎರಡು ಕೋಣೆಯ ಮನೆ. ಮೂರನೇ ತಿಂಗಳಿಗೇ ಕೂತು ಕೂತು ಬೇಸರ ಬಂತು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಇತ್ತು, ಟೈಪಿಂಗ್ ಹೈಯರ್ ಪಾಸಾಗಿತ್ತು. ಮೀನಾ ಸಲ್ಮಾನ್ ಬಂದರಿನ ಹತ್ತಿರ ಹಡಗು ರಿಪೇರಿ, ಪೈಪ್ ಕೆಲಸ ಎಲ್ಲ ಮಾಡುತ್ತಿದ್ದ ಒಂದು ಇಂಗ್ಲಿಷ್ ಕಂಪೆನಿಗೆ ಅರ್ಜಿ ಹಾಕಿದೆ. ಮೊದಲ ದಿನವೇ ಟೈಪ್‌ರೈಟರಿನ ಮುಂದೆ ಕೂರಿಸಿದರು.

ಕೆಲಸ ಏನೆಂದರೆ, ಕಂಪೆನಿಗೆ ಸೇರುವ ಪ್ರತಿಯೊಬ್ಬನ ಹೆಸರಿನಲ್ಲಿ ಒಂದು ದಪ್ಪ ಕಾರ್ಡು ಮಾಡುವುದು. ಹೆಸರು, ಊರು, ಪಾಸ್‌ಪೋರ್ಟ್ ನಂಬರು, ಹೆಂಡತಿ, ಮಕ್ಕಳು. ಸ್ಟೀಲ್ ಡ್ರಾಯರುಗಳಲ್ಲಿ ಆ ಕಾರ್ಡುಗಳು ಸಾಲಾಗಿ ನಿಂತಿರುತ್ತಿದ್ದವು. ಇವತ್ತಿನ ಹುಡುಗಿಯರಿಗೆ ಅದು ಮ್ಯೂಸಿಯಂ ವಸ್ತು. ಆದರೆ ಒಬ್ಬ ಮನುಷ್ಯನಿಗೆ ರಜೆ, ಟಿಕೆಟು, ಭತ್ಯೆ ಏನು ಸಿಗಬೇಕಾದರೂ ಆ ಕಾರ್ಡು ಹೇಳಿದ್ದೇ ಕೊನೆ.

ನಮ್ಮ ಮ್ಯಾನೇಜರು ಮಿಸ್ಟರ್ ಹ್ಯಾರಪ್. ಇಂಗ್ಲೆಂಡಿನ ಯಾವುದೋ ಕಲ್ಲಿದ್ದಲು ಊರಿನ ಟ್ಯಾಕ್ಸ್ ಆಫೀಸಿನಲ್ಲಿ ವರ್ಷಗಟ್ಟಲೆ ಕೂತು, ಆಮೇಲೆ ಮರಳುಗಾಡಿನ ಕಡೆ ಬಂದವರು. ಇನ್‌ಕಮ್ ಟ್ಯಾಕ್ಸೇ ಇಲ್ಲದ ದ್ವೀಪಕ್ಕೆ ಟ್ಯಾಕ್ಸ್ ಆಫೀಸರನ್ನು ತಂದಿದ್ದಾರೆ ಎಂದು ನಾವೆಲ್ಲ ನಗುತ್ತಿದ್ದೆವು. ಅರ್ಧ ಚಡ್ಡಿ, ಮೊಣಕಾಲಿನವರೆಗೆ ಸಾಕ್ಸು, ಊಟದ ಹೊತ್ತಿಗೆ ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ವರ್ಕ್‌ಶಾಪಿನಲ್ಲಿ ತಿರುಗಾಟ. ಫಿಟ್ಟರುಗಳ ಟಿಫಿನ್ ಡಬ್ಬಿಯಲ್ಲಿ ಏನಿದೆ ಎಂದು ಇಣುಕಿ ನೋಡುವ ಅಭ್ಯಾಸ. ಒಮ್ಮೆ ಯಾರೋ ಕೊಟ್ಟ ಬಂಗುಡೆ ಮೀನಿನ ಪುಳಿಮುಂಚಿ ತಿಂದು ಕಣ್ಣು ಮೂಗಲ್ಲೆಲ್ಲ ನೀರು ಸುರಿಸಿಕೊಂಡು, ಮರುದಿನ ಮತ್ತೆ ಅವನ ಹತ್ತಿರವೇ ಹೋಗಿ ನಿಂತಿದ್ದರು.

ಅವರು ಬಂದ ವರ್ಷವೇ ಕೈ ಹಾಕಿದ್ದು ಮಕ್ಕಳ ಭತ್ಯೆಗೆ. ಕಂಪೆನಿಯ ಹಳೇ ರೂಲ್ ಹೀಗಿತ್ತು. ಅಪ್ಪನ ಸಂಬಳದಲ್ಲಿ ಇಷ್ಟು ಪರ್ಸೆಂಟ್, ಒಂದೊಂದು ಮಗುವಿಗೆ. ಇಂಜಿನಿಯರನ ಮಗುವಿಗೆ ಕೈತುಂಬ, ಕ್ಲಾರ್ಕಿನ ಮಗುವಿಗೆ ಚೂರು, ಫಿಟ್ಟರು, ಹೆಲ್ಪರುಗಳ ಮಕ್ಕಳಿಗೆ ಸೊನ್ನೆ. ಕೊಡುವುದು ಅಪ್ಪನ ಸಂಬಳದ ಕವರಿನಲ್ಲೇ.

"ಇದನ್ನು ಇಲ್ಲಿಗೆ ತಂದವರು ನಮ್ಮವರೇ" ಎಂದರು ಹ್ಯಾರಪ್ ಒಂದು ಬೆಳಿಗ್ಗೆ, ಹಾಲಿಲ್ಲದ ಟೀ ಕುಡಿಯುತ್ತಾ. "ನನ್ನ ದೇಶದಲ್ಲೂ ಇದೇ ಪೆದ್ದುತನ ಇತ್ತು ಮಿಸೆಸ್ ಲೋಬೊ. ಮಕ್ಕಳಿದ್ದರೆ ಅಪ್ಪನ ಟ್ಯಾಕ್ಸಿನಲ್ಲಿ ರಿಯಾಯಿತಿ. ಜಾಸ್ತಿ ದುಡಿಯುವವನಿಗೆ ಜಾಸ್ತಿ ಉಳಿತಾಯ. ಟ್ಯಾಕ್ಸೇ ಕಟ್ಟಲಾಗದಷ್ಟು ಬಡವನಿಗೆ ಆ ರಿಯಾಯಿತಿಯಿಂದ ಬರುವುದು ಏನೂ ಇಲ್ಲ. ನಾನೇ ಕೂತು ಆ ಲೆಕ್ಕ ಮಾಡಿದವನು. ಈಗ ಅಲ್ಲಿ ಅದನ್ನು ತೆಗೆದುಹಾಕಿ, ಎಲ್ಲ ಮಗುವಿಗೂ ಒಂದೇ ಮೊತ್ತವನ್ನು ಅಮ್ಮನ ಕೈಗೇ ಕೊಡುತ್ತಿದ್ದಾರೆ, ಪೋಸ್ಟ್ ಆಫೀಸಿನಲ್ಲಿ." ಕಿಟಕಿಯಾಚೆ ಕ್ಯಾಂಟೀನಿನ ಕಡೆ ನೋಡಿ ಕೇಳಿದರು: "ಮಗುವಿನ ಹೊಟ್ಟೆಗೆ ಗ್ರೇಡ್ ಇದೆಯಾ?"

ಇಲ್ಲ ಸರ್ ಎಂದೆ. ಬೇರೆ ಏನು ಹೇಳುವುದು? ಆದರೆ ಅವರು ಹೇಳಿ ಸುಮ್ಮನಾಗುವ ಜಾತಿಯಲ್ಲ. ಅಷ್ಟೇ ದುಡ್ಡನ್ನು ಎಲ್ಲ ಮಕ್ಕಳಿಗೂ ಸಮ ಹಂಚುವ ಪ್ಲ್ಯಾನ್ ಮಾಡಿ ಲಂಡನ್ನಿನ ಹೆಡ್ ಆಫೀಸಿಗೆ ಕಳಿಸಿ, ಒಪ್ಪಿಗೆ ತರಿಸಿದರು. ಸಮ ಹಂಚಿದರೆ ಮೇಲಿನವರಿಗೆ ಕಡಿಮೆಯಾಗಲೇಬೇಕಲ್ಲ? ಎಲ್ಲರಿಗಿಂತ ಜಾಸ್ತಿ ಕಡಿಮೆಯಾದದ್ದು ಹ್ಯಾರಪ್ ಅವರದ್ದೇ, ಅವರಿಗೆ ಮೂವರು ಮಕ್ಕಳು. ಇಂಥ ಬಾಸ್ ನನಗೆ ಆಮೇಲೆ ಸಿಗಲಿಲ್ಲ. ಸಿಕ್ಕಿದವರು ಒಳ್ಳೆಯವರೇ, ಆದರೆ ತಮ್ಮ ಜೇಬನ್ನು ಮೊದಲು ಕತ್ತರಿಸಿಕೊಂಡವರನ್ನು ನಾನು ಬೇರೆ ಕಾಣೆ.

ದುಡ್ಡು ಅಮ್ಮಂದಿರ ಹೆಸರಿಗೆ ಡ್ರಾಫ್ಟಿನಲ್ಲಿ ಹೋಗುತ್ತದೆ ಎಂದು ವರ್ಕ್‌ಶಾಪಿನಲ್ಲಿ ಹೇಳುವ ದಿನ ಗಲಾಟೆಯೋ ಗಲಾಟೆ. ಹ್ಯಾರಪ್ ಇಂಗ್ಲಿಷಿನಲ್ಲಿ ಹೇಳುವುದು, ನಾನು ಹಿಂದಿಯಲ್ಲೊಮ್ಮೆ, ನಮ್ಮೂರಿನವರಿಗೆ ತುಳುವಿನಲ್ಲೊಮ್ಮೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬೆವರು ನಮ್ಮದು, ಹೆಸರು ಅವಳದ್ದಾ? ಅವಳೇನು ಇಲ್ಲಿ ಬಂದು ವೆಲ್ಡಿಂಗ್ ಮಾಡ್ತಾಳಾ?" ಒಬ್ಬ ಕೂಗಿದ.

ಕ್ರೇನ್ ಆಪರೇಟರ್ ಶೇಖರಣ್ಣ ಎದ್ದು ನಿಂತು, "ಮೇಡಂ, ಕಂಪೆನಿಯೇ ನನ್ನ ಹೆಂಡ್ತಿಗೆ ದುಡ್ಡು ಕಳಿಸಿದ್ರೆ ನಾಳೆ ಅವಳು ನನ್ನ ಮಾತು ಕೇಳ್ತಾಳಾ?" ಎಂದರು.

"ಈಗ ಕೇಳ್ತಾಳಾ ಶೇಖರಣ್ಣ?"

"ಈಗಲೂ ಕೇಳುದಿಲ್ಲ ಮಾರಾಯ್ರೆ. ಆದ್ರೆ ಈಗ ಕೇಳುದಿಲ್ಲ ಅಂತ ಕಂಪೆನಿಗೆ ಗೊತ್ತಿಲ್ಲವಲ್ಲ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹ್ಯಾರಪ್‌ಗೆ ಅದನ್ನು ಇಂಗ್ಲಿಷ್ ಮಾಡಿ ಹೇಳಿದಾಗ ಅವರೂ ನಕ್ಕರು, ಮನೆಗೆ ಹೋಗಿ ತಮ್ಮ ಮಿಸೆಸ್‌ಗೂ ಹೇಳಿದರಂತೆ. ಆ ನಗುವಿನಲ್ಲೇ ಅರ್ಧ ವಿರೋಧ ಕರಗಿತು.

ಎಲ್ಲ ಚದುರಿದ ಮೇಲೆ ಹಿಂದಿನಿಂದ ಒಬ್ಬ ಮೆತ್ತಗೆ ಬಂದ. ಉಡುಪಿ ಕಡೆಯ ವಾಸು ಪೂಜಾರಿ, ಪೈಪ್ ಫಿಟ್ಟರ್. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ನಮ್ಮ ಕಡೆ ಹಿಂದೂಗಳು ಕ್ರಿಶ್ಚನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎಂದೇ ಕರೆಯುತ್ತಿದ್ದ.

"ಬಾಯಮ್ಮ, ಫಿಟ್ಟರ್‌ಗೂ ಉಂಟಾ ಇದು?"

"ಉಂಟು ವಾಸು."

"ಮೂರು ಮಕ್ಕಳಿಗೂ?"

"ಮೂವರಿಗೂ."

"ಹಾಗಾದ್ರೆ ದೊಡ್ಡವಳನ್ನು ಶಾಲೆ ಬಿಡಿಸುದು ಬೇಡ" ಎಂದ, ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ. ಅವಳನ್ನು ಆ ವರ್ಷ ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸುವುದು ಎಂದು ಊರಲ್ಲಿ ತೀರ್ಮಾನವಾಗಿತ್ತಂತೆ. ಅವತ್ತು ಅವನು ವರ್ಕ್‌ಶಾಪಿಗೆ ವಾಪಸು ಹೋದ ನಡಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಕಾಗದಪತ್ರದ ಕೆಲಸ. ಪ್ರತಿ ಅಮ್ಮನಿಂದ ಸಹಿ, ಫೋಟೋ, ಮಕ್ಕಳ ಶಾಲೆಯ ಹೆಡ್‌ಮಾಸ್ಟರ ಪತ್ರ ತರಿಸಬೇಕು. ಊರಿನ ಅಮ್ಮಂದಿರಿಗೆ ಇಂಗ್ಲಿಷ್ ಸರ್ಕ್ಯುಲರ್ ಕಳಿಸಿದರೆ ಯಾರು ಓದುತ್ತಾರೆ? ಕನ್ನಡದಲ್ಲಿ ಬರೆಯಿರಿ ಎಂದರು ಹ್ಯಾರಪ್. ರಿಯಾ, ಕೇಳು, ನನ್ನ ಕನ್ನಡ ಆಗ ಬರೇ ಸೆಕೆಂಡ್ ಲ್ಯಾಂಗ್ವೇಜ್ ಕನ್ನಡ. ಮನೆಯಲ್ಲಿ ಕೊಂಕಣಿ, ಸ್ಕೂಲಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಸಿಸ್ಟರ್ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಒತ್ತಕ್ಷರ ಎಲ್ಲಿ ಹಾಕಬೇಕೆಂದು ಶೇಖರಣ್ಣನನ್ನು ಕೇಳಿ ಕೇಳಿ ಬರೆದೆ. "ಪ್ರೀತಿಯ ತಾಯಿಯವರಿಗೆ" ಎಂದು ಶುರು. ಈಗ ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ನನಗೆ ಬಂದದ್ದೇ ಆ ಪತ್ರಗಳಿಂದ.

ಉತ್ತರಗಳು ಒಂದೊಂದಾಗಿ ಬಂದವು. ಕಾರ್ಡಿಗೂ ಪತ್ರಕ್ಕೂ ತಾಳೆ ನೋಡುವುದು ಚೀಫ್ ಅಕೌಂಟೆಂಟ್ ಮಿಸ್ಟರ್ ಮೆನನ್ ಅವರ ಕೆಲಸ. ಪಾಲ್ಘಾಟ್ ಕಡೆಯವರು, ಇಸ್ತ್ರಿ ಮುರಿಯದ ಬಿಳಿ ಶರ್ಟು, ನಗು ಅಪರೂಪ. ಅವರು ನಮ್ಮ ರೂಮಿನ ಬಾಗಿಲಲ್ಲಿ ಕಾಣಿಸಿದರೆ ಟೈಪ್‌ರೈಟರುಗಳು ತಮ್ಮಷ್ಟಕ್ಕೇ ಜೋರಾಗುತ್ತಿದ್ದವು. ಒಂದು ಮಧ್ಯಾಹ್ನ ಅವರು ಒಂದು ಕಾರ್ಡು, ಒಂದು ಪತ್ರ ಎರಡನ್ನೂ ನನ್ನ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಮಿಸೆಸ್ ಲೋಬೊ, ಪುಷ್ಪಾ, ಹರೀಶ, ಶಶಿಕಲಾ. ನಿಮ್ಮ ಕಾರ್ಡಿನ ಪ್ರಕಾರ ಇವರ ತಂದೆ ವಾಸು. ಹೆಡ್‌ಮಾಸ್ಟರ ಪ್ರಕಾರ ಸಂಜೀವ. ಈ ಸಂಜೀವ ಯಾರು?"

"ಗೊತ್ತಿಲ್ಲ ಸರ್."

"ತಾಯಿ ಸುಶೀಲಾ. ಹೆಡ್‌ಮಾಸ್ಟರು ಇಂಗ್ಲಿಷಿನಲ್ಲಿ ತುಂಬಿಕೊಟ್ಟ ಅವರ ಅರ್ಜಿಯಲ್ಲಿ ವಾಸು ಅವರ ತಮ್ಮ ಎಂದಿದೆ. ನಿಮ್ಮ ಕಾರ್ಡಿನಲ್ಲಿ ಸುಶೀಲಾ ಅವನ ವೈಫ್." ಅವರು ದನಿ ಏರಿಸಲಿಲ್ಲ, ಏರಿಸಿದ್ದರೆ ಒಳ್ಳೆಯದಿತ್ತು. "ಇದು ಫಾಲ್ಸ್ ಡಿಕ್ಲರೇಷನ್. ಹ್ಯಾಂಡ್‌ಬುಕ್ಕಿನಲ್ಲಿ ಇದಕ್ಕೆ ಒಂದೇ ಶಿಕ್ಷೆ, ಡಿಸ್ಮಿಸಲ್. ನಾಳೆ ಬೆಳಿಗ್ಗೆ ಹ್ಯಾರಪ್ ಮುಂದೆ ಇಡುತ್ತೇನೆ."

ಡಿಸ್ಮಿಸಲ್ ಎಂದರೆ ಆಗ ವೀಸಾ ಕ್ಯಾನ್ಸಲ್, ಸಿಕ್ಕಿದ ವಿಮಾನಕ್ಕೆ ಹತ್ತುವುದು. ವಾಸು ಹೋದರೆ ಆ ಮೂರು ಮಕ್ಕಳ ಶಾಲೆಯೂ ಹೋಯಿತು.

ಅವನನ್ನು ಕರೆಸಿ, ಸಂಜೀವ ಯಾರು ಎಂದು ಕೇಳಿದೆ.

"ಭಾವ. ಬೊಂಬಾಯಿಗೆ ಹೋದವರು ಇಲ್ಲಿವರೆಗೆ ಪತ್ತೆ ಇಲ್ಲ."

"ಮತ್ತೆ ಮಕ್ಕಳು?"

"ನಮ್ಮ ಮನೆಯ ಮಕ್ಕಳಲ್ವಾ ಬಾಯಮ್ಮ. ನಾನು ಮಾವ. ನಾನು ನೋಡದೆ ಮತ್ಯಾರು ನೋಡುದು?" ಎಂದ. ಇದರಲ್ಲಿ ಕೇಳಲಿಕ್ಕೆ ಏನಿದೆ ಎಂಬ ಹಾಗೆ ನನ್ನನ್ನೇ ನೋಡಿದ.

ನಮ್ಮ ತುಳುನಾಡಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಬಹಳ ಜನರಲ್ಲಿ ಮನೆತನ ತಾಯಿಯ ಕಡೆಯಿಂದ ಬರುತ್ತದೆ. ಅಳಿಯಕಟ್ಟು ಎನ್ನುತ್ತಾರೆ. ಅಕ್ಕತಂಗಿಯರ ಮಕ್ಕಳೇ ಮನೆಯ ಮಕ್ಕಳು, ಅವರ ಹೊಣೆ ಸೋದರಮಾವನದ್ದು. ಕಾನೂನು ಎಷ್ಟೋ ಬದಲಾದರೂ ಮನಸ್ಸಿನಲ್ಲಿ ಅದು ಉಳಿದಿತ್ತು. ನಾನು ಹುಟ್ಟಿ ಬೆಳೆದ ಬೀದಿಯಲ್ಲೇ ಅಂಥ ನಾಲ್ಕು ಮನೆಗಳಿದ್ದವು. ಎಲ್ಲ ಗೊತ್ತಿದ್ದವಳೇ ನಾನು.

ಆದರೆ ವಾಸು ಕೆಲಸಕ್ಕೆ ಸೇರಿದ ದಿನ ಏನಾಯಿತು ಎಂದರೆ, ಅವತ್ತು ಒಂದೇ ವಿಮಾನದಲ್ಲಿ ಬಂದ ಒಂದು ದಂಡೇ ನನ್ನ ಮೇಜಿನೆದುರು ಕ್ಯೂ ನಿಂತಿತ್ತು. ಆಗಸ್ಟ್ ತಿಂಗಳು, ಎ.ಸಿ. ಕೆಟ್ಟಿತ್ತು. "ಮನೆಯಲ್ಲಿ ಮಕ್ಕಳೆಷ್ಟು?" ಮೂರು. "ಹೆಸರು?" ಹೇಳಿದ. "ತಾಯಿಯ ಹೆಸರು?" ಸುಶೀಲಾ. ಕಾರ್ಡಿನಲ್ಲಿ ಎದುರಿಗಿದ್ದ ಕಾಲಂ 'ವೈಫ್'. ಅಲ್ಲಿ ಟೈಪ್ ಮಾಡಿದೆ. ನಿನಗೆ ಮದುವೆಯಾಗಿದೆಯಾ ಎಂದು ನಾನು ಕೇಳಲೇ ಇಲ್ಲ. ಅವನು ಇಂಗ್ಲಿಷ್ ಓದಲಾರದವನು, ತೋರಿಸಿದ ಕಡೆ ಸಹಿ ಹಾಕಿದ. ಆಗ ಫಿಟ್ಟರಿಗೆ ಭತ್ಯೆಯೇ ಇರಲಿಲ್ಲವಲ್ಲ, ಸುಳ್ಳು ಹೇಳಿ ಅವನಿಗೆ ಸಿಗುವುದೇನಿತ್ತು? ಅವನು ಬಾಯಿ ಬಿಟ್ಟು ಹೇಳಿದ್ದೆಲ್ಲ ನಿಜ. ಸುಳ್ಳು ನಾನು ಟೈಪ್ ಮಾಡಿದ್ದು.

ಇಷ್ಟೆಲ್ಲ ತಿಳಿದ ಮೇಲೂ, ಕಾರ್ಡಿನಲ್ಲಿ ಏನು ಬಿದ್ದಿದೆ ಎಂದು ಅವನಿಗೆ ಹೇಳಲು ನನಗೆ ಅವತ್ತು ಬಾಯಿ ಬರಲಿಲ್ಲ. ನಾಳೆ ಸಾಹೇಬರ ಹತ್ತಿರ ಬಾ ಎಂದಷ್ಟೇ ಹೇಳಿ ಕಳಿಸಿದೆ. ಮನೆಯಲ್ಲಿ ವಿಲ್ಫಿಗೆ ಹೇಳಿದರೆ, "ಹಿಲ್ಡಾ, ನೀನೇ ಹೇಳಿಬಿಡು. ಬೇರೆಯವರು ಕಂಡುಹಿಡಿಯುವ ಮೊದಲು ಹೇಳಿದರೆ ಕೆಲಸ ಹೋದರೂ ಮರ್ಯಾದೆ ಉಳಿಯುತ್ತದೆ" ಎಂದರು. ಒಳ್ಳೇ ಸಮಾಧಾನ!

ಮರುದಿನ ಹ್ಯಾರಪ್ ಅವರ ಕ್ಯಾಬಿನ್. ಅವರು ಕುರ್ಚಿಯಲ್ಲಿ, ಮೆನನ್ ಪಕ್ಕದಲ್ಲಿ ನಿಂತು, ವಾಸು ಬಾಗಿಲ ಹತ್ತಿರ ಕ್ಯಾಪ್ ಕೈಯಲ್ಲಿ ಹಿಡಿದು. ನಾನು ನಡುವೆ, ದುಭಾಷಿ.

ಹ್ಯಾರಪ್ ಕಾರ್ಡು ನೋಡಿ ಕೇಳಿದರು: "ಅವನನ್ನು ಕೇಳಿ, ತನ್ನ ಅಕ್ಕನನ್ನು ಹೆಂಡತಿ ಎಂದು ಯಾಕೆ ಬರೆಸಿದ?"

ರಿಯಾ, ನಾನು ಎಷ್ಟೋ ಮಾತುಗಳನ್ನು ಆ ಆಫೀಸಿನಲ್ಲಿ ಅತ್ತಿಂದಿತ್ತ ದಾಟಿಸಿದ್ದೇನೆ. ಇದೊಂದನ್ನು ದಾಟಿಸಲು ನಾಲಗೆ ಏಳಲಿಲ್ಲ. ಕೊನೆಗೆ ತುಳುವಿನಲ್ಲಿ, ಅವನ ಮುಖ ನೋಡದೆ, ಹೇಳಿದೆ.

"ಎಂತ?" ಎಂದ ವಾಸು.

ಮತ್ತೊಮ್ಮೆ ಹೇಳಿದೆ.

"ಅಯ್ಯೋ ದೇವರೇ! ಬಾಯಮ್ಮ, ಎಂತ ಬರೆದ್ರಿ ನೀವು? ಅಕ್ಕ ಅವಳು ನನಗೆ. ನನ್ನನ್ನು ಎತ್ತಿ ಆಡಿಸಿದವಳು." ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಕೆಲಸ ಹೋಗುವ ವಿಷಯ ಮೆನನ್ ಬಾಗಿಲಲ್ಲೇ ಅವನಿಗೆ ಹಿಂದಿಯಲ್ಲಿ ಹೇಳಿದ್ದರು, ಅದನ್ನು ಕೇಳಿದಾಗಲೂ ಅವನು ಹೀಗಾಗಿರಲಿಲ್ಲ. ಗೋಡೆಯ ಕಡೆಯಿಂದಲೇ, "ಕೆಲಸ ಹೋದ್ರೆ ಹೋಗ್ಲಿ. ಮೊದ್ಲು ಅದನ್ನು ಅಳಿಸಿ. ಈಗಲೇ ಅಳಿಸಿ" ಎಂದ.

"ಏನನ್ನುತ್ತಾನೆ?" ಹ್ಯಾರಪ್ ಕೇಳಿದರು.

ಹೇಳಿದೆ. ಅದರ ಬೆನ್ನಿಗೇ, ನಿಲ್ಲಿಸಿದರೆ ಮತ್ತೆ ಧೈರ್ಯ ಬರಲಿಕ್ಕಿಲ್ಲ ಎಂದು, "ಸರ್, ಅವನು ಹಾಗೆ ಹೇಳಿಯೇ ಇರಲಿಲ್ಲ. ನಮ್ಮ ಕಡೆ ಅಕ್ಕನ ಮಕ್ಕಳನ್ನು ಸಾಕುವುದು ಸೋದರಮಾವನೇ. ನಾನು ಕೇಳದೆ ಟೈಪ್ ಮಾಡಿದ್ದು. ತಪ್ಪು ನನ್ನದು" ಎಂದೆ.

ಹ್ಯಾರಪ್ ಡ್ರಾಯರಿನಿಂದ ಒಂದು ಖಾಲಿ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. "ಹೋಗಿ ಹೊಸದಾಗಿ ಟೈಪ್ ಮಾಡಿ ತನ್ನಿ. ಬೇರೆ ಮಾತು ಆಮೇಲೆ. ಅವನು ಒಂದೇ ಒಂದು ಕೇಳಿದ್ದಾನೆ, ಅದು ನಮ್ಮ ಕೈಯಲ್ಲಾಗುವಂಥದ್ದು."

ಟೈಪ್ ಮಾಡಿ ತಂದೆ. ವೈಫ್ ಕಾಲಂ ಖಾಲಿ. ಹಳೇ ಕಾರ್ಡನ್ನು ಹ್ಯಾರಪ್ ವಾಸುವಿನ ಕೈಗೇ ಕೊಟ್ಟರು. ಅವನು ಅದನ್ನು ನಾಲ್ಕು ಸಲ ಹರಿದು, ಬುಟ್ಟಿಗೆ ಹಾಕಲೂ ಮನಸ್ಸಾಗದೆ ಜೇಬಿಗೆ ತುರುಕಿಕೊಂಡ. ಅವನನ್ನು ಹೊರಗೆ ಕಾಯಲು ಹೇಳಿದರು.

"ಸರ್," ಎಂದರು ಮೆನನ್, "ಕಾರ್ಡು ಸರಿಯಾಯಿತು. ಆದರೆ ಈಗ ಇವನು ಬ್ರಹ್ಮಚಾರಿ. ಮಕ್ಕಳಿಲ್ಲ. ಭತ್ಯೆ ಇಲ್ಲ. ಮತ್ತೆ ಸಹಿ ಅವನದ್ದೇ. ರೂಲ್ ಪ್ರಕಾರ ಡಿಸ್ಮಿಸಲ್ ಆಗಲೇಬೇಕು."

"ರೂಲ್ ಆಮೇಲೆ ನೋಡೋಣ. ಈ ಸೋದರಮಾವನ ವಿಷಯ ನಿಜವೇ? ಇಲ್ಲ ನನಗೆ ಕಥೆ ಕಟ್ಟುತ್ತಿದ್ದಾರೆಯೇ?"

ಮೆನನ್ ಕನ್ನಡಕ ತೆಗೆದು ಒರೆಸಿದರು. ನಾನು ಅವರ ಕಣ್ಣನ್ನು ಬರಿದಾಗಿ ನೋಡಿದ್ದು ಅದೇ ಮೊದಲು.

"ನಿಜ ಸರ್. ನಮ್ಮಲ್ಲೂ ಹಾಗೇ. ನನ್ನ ಸ್ಕೂಲು, ಕಾಲೇಜು, ಎಲ್ಲ ನನ್ನ ತಾಯಿಯ ಅಣ್ಣ ಕೊಡಿಸಿದ್ದು. ತಂದೆಯನ್ನು ನಾನು ಓಣಂಗೆ ಒಮ್ಮೆ ನೋಡುತ್ತಿದ್ದೆ."

"ಹಾಗಾದರೆ ನಿಮ್ಮ ಮಾವ ಈ ಕಂಪೆನಿಯಲ್ಲಿದ್ದಿದ್ದರೆ, ನಿಮ್ಮ ಹೆಸರನ್ನು ಯಾವ ಕಾಲಂನಲ್ಲಿ ಬರೆಸುತ್ತಿದ್ದರು?"

ಮೆನನ್ ಹೊಸ ಕಾರ್ಡಿನ ಕಾಲಂಗಳ ಮೇಲೆ ಬೆರಳಾಡಿಸಿದರು. "ಅಂಥ ಕಾಲಂ ಇಲ್ಲ ಸರ್" ಎಂದರು.

"ಹಾಗಾದರೆ ಫಾರ್ಮು ಕೇಳಿದ ಪ್ರಶ್ನೆಯೇ ತಪ್ಪು. ಮಿಸೆಸ್ ಲೋಬೊ ಪ್ರಶ್ನೆಯನ್ನೇ ಕೇಳಲಿಲ್ಲ. ಫಾರ್ಮನ್ನು ನಾನು ರಿಪೇರಿ ಮಾಡುತ್ತೇನೆ." ನನ್ನ ಕಡೆ ನೋಡಿದರು. "ನಿಮ್ಮ ರಿಪೇರಿ ನೀವೇ ಮಾಡಿಕೊಳ್ಳಬೇಕು."

ಇಷ್ಟು ವರ್ಷದ ಸರ್ವಿಸಿನಲ್ಲಿ ನನಗೆ ಸಿಕ್ಕಿದ ಬೈಗುಳದಲ್ಲಿ ಅದೇ ಚಿಕ್ಕದು, ಅದೇ ಆಳಕ್ಕೆ ಇಳಿದದ್ದು.

ಅವತ್ತು ಹ್ಯಾರಪ್ ತಮ್ಮ ಹಳೇ ಟ್ಯಾಕ್ಸ್ ಆಫೀಸಿನ ವಿಷಯ ಹೇಳಿದರು. ಅಲ್ಲಿಗೂ ಅಜ್ಜಿಯಂದಿರು ಬರುತ್ತಿದ್ದರಂತೆ, ಚಿಕ್ಕಮ್ಮಂದಿರು, ನೆರೆಮನೆಯವರು ಕೂಡ, ಬೇರೆಯವರ ಮಗುವನ್ನು ಸಾಕುವವರು. ಇಂಗ್ಲೆಂಡಿನ ಆ ಹೊಸ ಪದ್ಧತಿಯಲ್ಲಿ ಹ್ಯಾರಪ್‌ಗೆ ಬಹಳ ಹಿಡಿಸಿದ್ದು ಒಂದು ಮಾತು: ಮಗುವಿನ ಹೊಣೆ ಯಾರದ್ದೋ, ದುಡ್ಡು ಅವರದ್ದು. ನಾವು ಅದನ್ನೇ ಕೇಳೋಣ ಎಂದರು. ಪೆನ್ಸಿಲ್ ತೆಗೆದು ಹೊಸ ಫಾರ್ಮಿನ ಮೊದಲ ಸಾಲು ಬರೆದರು. ಮಗು ಯಾರ ಮನೆಯಲ್ಲಿ ಉಣ್ಣುತ್ತದೆ? ಎರಡನೆಯದು, ಆ ಅನ್ನ ಯಾರ ದುಡಿಮೆಯದ್ದು? ಅಪ್ಪನ ಹೆಸರು ಬಹಳ ಕೆಳಗೆ ಇತ್ತು.

ಮೆನನ್ ಸುಲಭಕ್ಕೆ ಬಿಡಲಿಲ್ಲ. "ನಾಳೆ ಎಲ್ಲರೂ ಊರಿನ ಮಕ್ಕಳನ್ನೆಲ್ಲ ಬರೆಸುತ್ತಾರೆ ಸರ್. ಒಂದು ಮಗುವನ್ನು ಇಬ್ಬರು ಬರೆಸಬಾರದು. ಹೆಡ್‌ಮಾಸ್ಟರು ಪ್ರತಿ ವರ್ಷ ಬರೆದುಕೊಡಬೇಕು. ಓದು ಮುಗಿದರೆ ಇಲ್ಲವೇ ಹದಿನೆಂಟು ತುಂಬಿದರೆ ಹೆಸರು ತೆಗೆಯಬೇಕು." ಒಂದೊಂದಕ್ಕೂ ಹ್ಯಾರಪ್ ತಲೆಯಾಡಿಸಿದರು. ಆಗ ನನಗೆ ಮೆನನ್ ಮೇಲೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಆ ಬೇಲಿ ಹಾಕದಿದ್ದರೆ ಲಂಡನ್ನಿನವರು ಆ ರೂಲನ್ನು ಬಾಗಿಲಲ್ಲೇ ಸಾಯಿಸುತ್ತಿದ್ದರು. ಒಬ್ಬರಿಗೆ ದಯೆ ಇತ್ತು, ಇನ್ನೊಬ್ಬರಿಗೆ ಆ ದಯೆ ಹತ್ತು ವರ್ಷ ಬಾಳುವ ಹಾಗೆ ಮಾಡಲು ಗೊತ್ತಿತ್ತು. ಆಫೀಸಿಗೆ ಇಬ್ಬರೂ ಬೇಕು.

ಲಂಡನ್ನಿನಿಂದ ಉತ್ತರ ಬರಲು ವಾರಗಳೇ ಹಿಡಿದವು. ಅಷ್ಟು ದಿನ ವಾಸುವಿನ ತಲೆಯ ಮೇಲೆ ಆ ಡಿಸ್ಮಿಸಲ್ ತೂಗುತ್ತಲೇ ಇತ್ತು. ದಾರಿಯಲ್ಲಿ ಸಿಕ್ಕಿದರೆ, "ಬಂತಾ ಬಾಯಮ್ಮ?" ಎನ್ನುವುದು. "ಇಲ್ಲ ವಾಸು." "ಶಾಲೆಗೆ ಫೀಸು ಕಟ್ಲಿಕ್ಕೆ ಅಕ್ಕ ಬಳೆ ಅಡವಿಟ್ಟಿದ್ದಾಳಂತೆ, ಅದಕ್ಕೇ ಕೇಳಿದ್ದು" ಎನ್ನುವುದು. ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ತೋರಿಸಿದ್ದರೆ ನನಗೆ ನಿದ್ದೆ ಬರುತ್ತಿತ್ತು. ಅಲ್ಲಿ ರಜೆ ಶುಕ್ರವಾರ, ಇಗರ್ಜಿಯ ಪೂಜೆಯೂ ಅವತ್ತೇ; ಹೋದರೆ ಪ್ರಾರ್ಥನೆಯಲ್ಲೂ ಅದೇ, ಲಂಡನ್ನಿನ ಲೆಟರ್.

ಆ ವಾರಗಳಲ್ಲಿ ನಾನು ನನ್ನ ರಿಪೇರಿಗೆ ಕೂತೆ. ಡ್ರಾಯರಿನಲ್ಲಿದ್ದ, ನಾನು ಟೈಪ್ ಮಾಡಿದ್ದ ಕಾರ್ಡುಗಳನ್ನೆಲ್ಲ ತೆಗೆದು ಒಬ್ಬೊಬ್ಬರನ್ನೇ ಕರೆದೆ. ಟೈಪ್‌ರೈಟರನ್ನು ಪಕ್ಕಕ್ಕೆ ಸರಿಸಿ, ಎದುರಿಗೆ ಸ್ಟೂಲ್ ಹಾಕಿ ಕೂರಿಸಿ, ಮೊದಲು ಮಾತು. ಬರೆಯುವುದು ಅವರು ಎದ್ದು ಹೋದ ಮೇಲೆ. ಇನ್ನೂ ನಾಲ್ಕು ತಪ್ಪು ಸಿಕ್ಕಿದವು. ಒಬ್ಬನ ಮಗು ತೀರಿಹೋಗಿ ಎರಡು ವರ್ಷವಾಗಿತ್ತು, ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಕಾರ್ಡಿನಲ್ಲಾದರೂ ಇರಲಿ ಎಂದಿದ್ದೆ ಮೇಡಂ ಎಂದ. ಆ ಕಾರ್ಡನ್ನು ತಿದ್ದಿದ ದಿನ ನಾನು ಊಟ ಮಾಡಲಿಲ್ಲ. ರಿಯಾ, ನಿನ್ನ ಕಂಪ್ಯೂಟರಿನಲ್ಲಿ ಕಡ್ಡಾಯ ಕಾಲಂ ತುಂಬದೆ ಮುಂದೆ ಹೋಗಲಾಗುವುದಿಲ್ಲ ಎಂದು ನೀನು ಹೇಳಿದ್ದೆ. ಗೊತ್ತು ಬಾಯ್. ಆದರೂ ತುಂಬುವ ಮೊದಲು ಕೇಳು.

ಕೊನೆಗೆ ಉತ್ತರ ಬಂತು. ಪ್ರಯೋಗಕ್ಕೆ ಎಂದು ಒಪ್ಪಿಗೆ, ಒಂದು ಷರತ್ತಿನ ಮೇಲೆ. ಇಂಥ ಪ್ರತಿಯೊಂದು ಕೇಸಿಗೂ ಚೀಫ್ ಅಕೌಂಟೆಂಟ್ ತನ್ನ ಜವಾಬ್ದಾರಿಯಲ್ಲಿ ಸಹಿ ಹಾಕಬೇಕು. ಏನಾದರೂ ಮೋಸ ಕಂಡರೆ ಮೊದಲು ಹೋಗುವುದು ಅವರ ತಲೆ. ಹ್ಯಾರಪ್ ಆ ಪತ್ರವನ್ನು ಮೆನನ್ ಮುಂದೆ ಇಟ್ಟರು. ಬೇಡ ಎನ್ನುವ ಹಕ್ಕು ಮೆನನ್‌ಗೆ ಇತ್ತು. ಅವರು ವಾಸುವಿನ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದರು, ಹೆಡ್‌ಮಾಸ್ಟರ ಸೀಲನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಸಹಿ ಹಾಕಿದರು. ಹೊರಗೆ ಬಂದು ವಾಸುವಿಗೆ ತಾವೇ ಹೇಳಿದರು, ಹಿಂದಿಯಲ್ಲಿ, ಗದರಿಸುವ ದನಿಯಲ್ಲೇ: "ತೇರಾ ಬಚ್ಚಾ ಲೋಗ್ ಕೋ ಠೀಕ್ ಸೇ ಪಢಾನಾ." ನಿನ್ನ ಮಕ್ಕಳನ್ನು ಸರಿಯಾಗಿ ಓದಿಸು ಎಂದು. ಅದೇ ಮೊದಲ ಸಲ ಅವರ ಬಾಯಲ್ಲಿ ಅವು ವಾಸುವಿನ ಮಕ್ಕಳಾದದ್ದು. ಸುಶೀಲಾ ಹೆಸರಿನ ಮೊದಲ ಡ್ರಾಫ್ಟು ಆ ತಿಂಗಳೇ ಹೋಯಿತು. ಡಿಸ್ಮಿಸಲ್ ಮಾತು ಅಲ್ಲಿಗೇ ಬಿತ್ತು. ಪುಷ್ಪಾ ಶಾಲೆ ಬಿಡಲಿಲ್ಲ.

ಹ್ಯಾರಪ್ ಕೆಲವು ವರ್ಷಗಳ ನಂತರ ಊರಿಗೆ ಹೋದರು. ಹೊಸ ಪದ್ಧತಿ ಬಂತು, ಕಂಪ್ಯೂಟರು ಬಂತು, ಅಂಚಿಗೆಲ್ಲ ತೂತಿರುವ ಉದ್ದುದ್ದ ಕಾಗದ ಬಂತು. ಹೊಸ ಮ್ಯಾನೇಜರು ಈ ಮಾವಂದಿರ ತಲೆನೋವು ಯಾಕೆ, ತೆಗೆದುಬಿಡೋಣ ಎಂದಾಗ ಮೀಟಿಂಗಿನಲ್ಲಿ ಬೇಡ ಎಂದು ಎದ್ದು ನಿಂತವರು ಮೆನನ್. ಉಳಿಯಿತು.

ಅದಾಗಿ ಸ್ವಲ್ಪ ಕಾಲಕ್ಕೆ, ಎಂಬತ್ತರ ದಶಕದ ಮೊದಲಲ್ಲಿ, ಒಂದು ಏರ್ ಲೆಟರ್ ನನ್ನ ಮೇಜಿಗೆ ಬಂತು. ದುಂಡು ಕನ್ನಡ ಅಕ್ಷರ, ಕಂಪೆನಿಯ ವಿಳಾಸ ಮಾತ್ರ ಇಂಗ್ಲಿಷಿನಲ್ಲಿ. ವಾಸುವಿನ ಅಕ್ಕನದ್ದು. ನಾನು ಅವರನ್ನು ನೋಡಿದವಳಲ್ಲ. ಓದಿದೆ, ಎದ್ದು ಸೀದಾ ಮೆನನ್ ರೂಮಿಗೆ ಹೋದೆ.

"ಏನು? ಮತ್ತೊಂದು ಹೆಸರು ಸೇರಿಸಬೇಕಂತೆಯಾ?" ಎಂದರು ತಲೆಯೆತ್ತದೆ.

"ಇಲ್ಲ ಸರ್" ಎಂದು ಇಂಗ್ಲಿಷ್ ಮಾಡುತ್ತಾ ಓದಿದೆ.

"ಮಾನ್ಯರೇ, ನನ್ನ ದೊಡ್ಡ ಮಗಳು ಪುಷ್ಪಾಳಿಗೆ ಎಸ್ಸೆಸ್ಸೆಲ್ಸಿ ಆಗಿ ಬಾಲವಾಡಿಯಲ್ಲಿ ಟೀಚರ್ ಕೆಲಸ ಸಿಕ್ಕಿದೆ. ಹದಿನೆಂಟು ತುಂಬಲು ಇನ್ನೂ ಏಳು ತಿಂಗಳು ಉಂಟು, ಹೆಡ್‌ಮಾಸ್ಟರು ಈ ವರ್ಷದ ಕಾಗದ ಕೊಟ್ಟಾಗಿದೆ, ಅಲ್ಲಿವರೆಗೆ ಬರುತ್ತದೆ ಎಂದು ತಮ್ಮನ ಜೊತೆಯವರು ಹೇಳಿದರಂತೆ. ಆದರೆ ಅವಳು ಈಗ ದುಡಿಯುತ್ತಾಳೆ. ಅವಳ ಹೆಸರು ತೆಗೆಯಬೇಕಾಗಿ ವಿನಂತಿ. ಹರೀಶ, ಶಶಿಕಲಾ ಇಬ್ಬರದ್ದು ಇರಲಿ, ಅವರು ಓದುತ್ತಿದ್ದಾರೆ."

ಮೆನನ್ ಪೆನ್ನು ಕೆಳಗಿಟ್ಟರು. "ಇನ್ನೊಂದು ಸಲ."

ಇನ್ನೊಂದು ಸಲ ಓದಿದೆ.

"ಈ ಕುರ್ಚಿಯಲ್ಲಿ ಕೂತಾಗಿನಿಂದ ಸೇರಿಸಿ ಸೇರಿಸಿ ಅಂತಲೇ ಬಂದವರು. ತೆಗೆಯಿರಿ ಅಂತ ಯಾರೂ ಬಂದಿರಲಿಲ್ಲ." ಕಿಟಕಿಯ ಕಡೆ ನೋಡಿದರು. "ಇದಕ್ಕೆ ಉತ್ತರ ಬರೆಯಿರಿ. ನೋಟೆಡ್ ಅಂತ ಒಂದು ಶಬ್ದ ಬರೆದು ಕಳಿಸಬೇಡಿ. ಆ ಹುಡುಗಿಗೆ ಕಂಗ್ರಾಜುಲೇಷನ್ಸ್ ಹೇಳಿ. ಕಂಪೆನಿಗೆ ಸಂತೋಷವಾಗಿದೆ ಅಂತ ಹೇಳಿ."

"ಇಂಗ್ಲಿಷಿನಲ್ಲಾ ಸರ್?"

"ಅವರು ಓದುವ ಭಾಷೆಯಲ್ಲಿ."

ಮೇಜಿಗೆ ಬಂದು ಬರೆದೆ. ಅವತ್ತು ಒತ್ತಕ್ಷರಕ್ಕೆ ಯಾರನ್ನೂ ಕೇಳಲಿಲ್ಲ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟು ತೋರಿಸಲು ಕೊಂಡುಹೋದೆ. ಮಿಸ್ಟರ್ ಮೆನನ್ ಓದದ ಕಾಗದಕ್ಕೆ ಸಹಿ ಹಾಕುವವರಲ್ಲ. ಬ್ಯಾಂಕಿನವರ ಹೊಸವರ್ಷದ ಗ್ರೀಟಿಂಗ್ ಕಾರ್ಡನ್ನೂ ಹಿಂದೆಮುಂದೆ ತಿರುಗಿಸಿ ನೋಡಿ ಫೈಲಿಗೆ ಹಾಕುವವರು. ಆ ಕನ್ನಡದ ಪುಟವನ್ನು ಎರಡು ಕೈಯಲ್ಲಿ ಹಿಡಿದು, ಒಂದಕ್ಷರವೂ ತಿಳಿಯದಿದ್ದರೂ, ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ನೋಡಿದರು. ಆಮೇಲೆ ಪೆನ್ನಿನ ಕ್ಯಾಪ್ ತೆಗೆದು, ಸಹಿ ಎಲ್ಲಿ ಎಂದಷ್ಟೇ ಕೇಳಿದರು.

ನನಗೆ ಬಿಟ್ಟುಕೊಂಡಿದ್ದ ಜಾಗ ತೋರಿಸಿದೆ.